ಸಂಜೆಯ ತಾಲೀಮು: ಕೊಳ್ಳೇಗಾಲ ಸೀಮೆಯ ನಿವೃತ್ತರೂ ಪೌರಾಣಿಕ ನಾಟಕವೂ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ಶಾಲೆ, ಕಂದಾಯ, ರೇಷ್ಮೆ ಮೊದಲಾದ ಇಲಾಖೆಗಳಿಂದ 60ನೆಯ ವಯಸ್ಸಿಗೆ ನಿವೃತ್ತರಾದ ಎಷ್ಟೋ ಮಂದಿಯ ವಾರವು ನೌಕರಿಯ ದಿನಗಳ ವಾರಕ್ಕಿಂತಲೂ ಬಿಡುವಿಲ್ಲದ್ದು. ಸೋಮವಾರ ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ದಿನವಾದ್ದರಿಂದ ಆ ಸಂಜೆ ಭಜನೆಗೆ ಸಲ್ಲುತ್ತದೆ. ಅಮಾವಾಸ್ಯೆ ಬಂದರೆ ಬೆಟ್ಟಕ್ಕೆ ಹೋಗಿಬರುವುದಿರುತ್ತದೆ. ನಡುವಿನ ದಿನಗಳನ್ನು ನಿವೃತ್ತ ನೌಕರರ ಸಂಘದ ಸಭೆ, ಮದುವೆ, ತಿಥಿ, ಗೃಹಪ್ರವೇಶಗಳೂ ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳೂ (ದಾನಿಗಳು ಇರಿಸಿದ ಇಡುಗಂಟಿನ ಬಡ್ಡಿಯಿಂದ ನಡೆಯುವ ವಾರ್ಷಿಕ ಉಪನ್ಯಾಸಗಳಿವು) ಹಂಚಿಕೊಳ್ಳುತ್ತವೆ. ಆದರೆ ಸುಗ್ಗಿ ಮುಗಿದು ನಾಟಕದ ಕಾಲ ಬಂತೆಂದರೆ ಇವೆಲ್ಲವೂ ಹಿಂದೆ ಸರಿದು, ಪ್ರತಿ ಸಂಜೆಯೂ ತಾಲೀಮಿನ ಪಾಲಾಗುತ್ತದೆ. ತಾಲೀಮು ಎಂದರೆ ಪೌರಾಣಿಕ ನಾಟಕದ ಅಭ್ಯಾಸ. ಈ ಸೀಮೆಯ ಹವ್ಯಾಸಿ ರಂಗಭೂಮಿಯ ನಿಜವಾದ ಸಂಸ್ಥೆ ಅದೇ.

ಈ ಮೂರು ತಾಲ್ಲೂಕುಗಳ ಚರಿತ್ರೆ ಒಂದೇ ದಾರಿಯಲ್ಲಿ ಬಂದದ್ದಲ್ಲ. ಯಳಂದೂರು ಮೈಸೂರು ಸೀಮೆಯೊಳಗೆ ದಿವಾನ್ ಪೂರ್ಣಯ್ಯನವರ ಜಹಗೀರಾಗಿತ್ತು. ಹನೂರನ್ನು ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಆಡಳಿತದ ಗಡಿ ಹೀಗಿದ್ದರೂ ನಾಟಕಕ್ಕೆ ಗಡಿ ಇರಲಿಲ್ಲವೆಂಬುದಕ್ಕೆ ಈ ನೆಲದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೇ ಸಾಕ್ಷಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಲ್ಲಿ ಹಿರಣ್ಯಕಶಿಪು, ರಾವಣ ಮುಂತಾದ ರೌದ್ರ ಪಾತ್ರಗಳಿಂದ ಹೆಸರಾದ ಅವರು, ಮಗ ಮುತ್ತುರಾಜನನ್ನು ಬಾಲ್ಯದಲ್ಲೇ ಕಂಪನಿಯ ರಂಗಕ್ಕೆ ತಂದರು. ಆ ಹುಡುಗನೇ ಮುಂದೆ ರಾಜಕುಮಾರ್ ಆದದ್ದು. ಊರಿನವರೊಬ್ಬರು ಕಂಪನಿಯಲ್ಲಿ ಬಣ್ಣ ಹಚ್ಚಿದ್ದರೆಂಬ ಅಭಿಮಾನ ಈ ಭಾಗದ ಹವ್ಯಾಸಿಗಳಲ್ಲಿ ಇಂದಿಗೂ ಆರದೆ ಉಳಿದಿದೆ.

ಹಳ್ಳಿಯ ತಂಡವೊಂದು ‘ಕುರುಕ್ಷೇತ್ರ’, ‘ಶ್ರೀಕೃಷ್ಣ ಸಂಧಾನ’, ‘ಶನಿಪ್ರಭಾವ’ ಇಂಥ ನಾಟಕವೊಂದನ್ನು ಆಡುವುದೆಂದು ಗೊತ್ತುಮಾಡಿದ ಮೇಲೆ ಮೊದಲು ಹುಡುಕುವುದು ನಟರನ್ನಲ್ಲ, ಹಾರ್ಮೋನಿಯಂ ಮೇಷ್ಟ್ರನ್ನು. ಇವರು ಕೇವಲ ವಾದ್ಯಗಾರರಲ್ಲ. ನಿರ್ದೇಶಕ, ಸಂಗೀತದ ಗುರು, ಉಚ್ಚಾರಣೆ ತಿದ್ದುವವರು ಎಲ್ಲವೂ ಅವರೇ ಆಗಿರುತ್ತಾರೆ. ಪಾತ್ರ ಹಂಚುವ ಮೊದಲು ಅವರು ಪ್ರತಿಯೊಬ್ಬರಿಂದಲೂ ಒಂದು ಸಾಲು ಹಾಡಿಸಿ, ಆ ಕಂಠಕ್ಕೆ ಒಗ್ಗುವ ಶ್ರುತಿಯನ್ನು ಪೆಟ್ಟಿಗೆಯ ಮನೆಗಳಲ್ಲಿ ಗುರುತಿಸುತ್ತಾರೆ. ‘ಕಪ್ಪು ಒಂದು’, ‘ಬಿಳಿ ನಾಲ್ಕು’ ಎಂಬ ಮಾತುಗಳು ಹಾರ್ಮೋನಿಯಂನ ಮನೆಗಳ ಬಣ್ಣ ಮತ್ತು ಎಣಿಕೆಯಿಂದ ಬಂದ ಶ್ರುತಿಯ ಹೆಸರುಗಳು. ಧ್ವನಿವರ್ಧಕವಿಲ್ಲದ ಕಾಲದ ಕಂಪನಿ ನಟರು ಕೊನೆಯ ಸಾಲಿಗೂ ಕೇಳುವಂತೆ ಏರು ಶ್ರುತಿಯಲ್ಲಿ ಹಾಡುತ್ತಿದ್ದರು. ಅರವತ್ತು ದಾಟಿದ ಕಂಠಕ್ಕೆ ಅದು ಹತ್ತದಾದಾಗ, ನಟನ ಮಾನಕ್ಕೆ ಕುಂದು ಬಾರದಂತೆ ಶ್ರುತಿಯನ್ನು ಒಂದು ಮನೆ ಇಳಿಸಿ, ಆಲಾಪವನ್ನು ಚಿಕ್ಕದು ಮಾಡಿ, ಉಸಿರು ತೆಗೆದುಕೊಳ್ಳುವ ಜಾಗವನ್ನು ತೋರಿಸಿಕೊಡುವುದರಲ್ಲಿ ಮೇಷ್ಟ್ರ ವಿದ್ಯೆಯ ಸೂಕ್ಷ್ಮವೆಲ್ಲ ಅಡಗಿದೆ.

ಈ ನಾಟಕಗಳ ಬೆನ್ನೆಲುಬು ಕಂದಪದ್ಯ. ಕಂದವೆಂದರೆ ಮಾತ್ರಾಗಣಗಳಿಂದ ಕಟ್ಟಿದ ನಾಲ್ಕು ಸಾಲಿನ ಹಳಗನ್ನಡ ಪದ್ಯಜಾತಿ. ಪಂಪ, ರನ್ನರ ಕಾವ್ಯಗಳಲ್ಲಿ ಮೆರೆದ ಈ ಛಂದಸ್ಸು ಓದುಗರಿಗೆ ದೂರವಾದ ಮೇಲೂ ಹಳ್ಳಿಯ ರಂಗಸ್ಥಳದಲ್ಲಿ ಬಾಯಿಂದ ಬಾಯಿಗೆ ಬದುಕಿ ಬಂದಿರುವುದು ಸಣ್ಣ ಸಂಗತಿಯಲ್ಲ. ನಟನು ಅದನ್ನು ತಾಳದ ಕಟ್ಟಿಲ್ಲದೆ ಮೋಹನ, ಕಾಪಿ, ಕಲ್ಯಾಣಿಯಂಥ ರಾಗಗಳಲ್ಲಿ ಎಳೆದು ಹಾಡಿ, ಕೊನೆಯ ಸ್ವರ ಇಳಿಯುವಷ್ಟರಲ್ಲಿ ಮಾತಿಗೆ ಹೊರಳುತ್ತಾನೆ. ತಾಳಕ್ಕೆ ಕೂರುವ ಹಾಡುಗಳಿಗೆ ಮಾತ್ರ ಮಟ್ಟು, ಅಂದರೆ ಸಿದ್ಧ ಧಾಟಿ, ಇರುತ್ತದೆ. ಅದೇ ಹಾಡಿಗೆ ಒಬ್ಬ ಮೇಷ್ಟ್ರು ಹಾಕಿದ ಮಟ್ಟು ಇನ್ನೊಬ್ಬರದಕ್ಕಿಂತ ಬೇರೆಯಾಗಿರಬಹುದಾದ್ದರಿಂದ, ಬಲ್ಲ ಪ್ರೇಕ್ಷಕನು ಹಾಡು ಕೇಳಿಯೇ ಗುರು ಯಾರೆಂದು ಹೇಳಬಲ್ಲ.

ತಾಲೀಮು ದೇವಸ್ಥಾನದ ಜಗಲಿಯಲ್ಲೋ ಶಾಲೆಯ ಕೊಠಡಿಯಲ್ಲೋ ರಾತ್ರಿ ಊಟದ ಹೊತ್ತು ಮೀರಿ ತಿಂಗಳುಗಟ್ಟಲೆ ನಡೆಯುತ್ತದೆ. ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ 5 ದಿನಗಳ ಜಾತ್ರೆ ಬಂದಾಗ ಅದಕ್ಕೊಂದು ಬಿಡುವು. ಮೊದಲ ರಾತ್ರಿ ಹೊತ್ತಿಸುವ, ಚಂದ್ರಮಂಡಲವೆಂಬ ರಚನೆಯ ಜ್ವಾಲೆ ಯಾವ ದಿಕ್ಕಿಗೆ ವಾಲುವುದೋ ಆ ದಿಕ್ಕಿಗೆ ಮಳೆಬೆಳೆ ಚೆನ್ನ ಎಂಬ ನಂಬಿಕೆಯುಳ್ಳ ಈ ಜನ, ಜಾತ್ರೆಯಿಂದ ಮರಳಿ ಮತ್ತೆ ಪಾತ್ರದ ಪುಸ್ತಕ ಹಿಡಿಯುತ್ತಾರೆ. ದುಡಿಯುವ ವಯಸ್ಸಿನವರಿಗೆ ಇಷ್ಟು ಸಂಜೆಗಳನ್ನು ಕೊಡುವುದು ಕಷ್ಟವಾಗಿರುವಾಗ, ಸಾಲುಗಳನ್ನು ಮೊದಲು ಬಾಯಿಪಾಠ ಮಾಡಿ ಬಂದು, ಬಾರದವರ ಪಾತ್ರವನ್ನೂ ಓದಿ, ಕಿರಿಯರ ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದುವವರು ನಿವೃತ್ತ ಶಾಲಾ ಮೇಷ್ಟ್ರುಗಳೇ.

ಖರ್ಚಿನ ವಿಷಯವೂ ವಿಶಿಷ್ಟವಾದುದೇ. ಇಲ್ಲಿ ನಟನಿಗೆ ಸಂಭಾವನೆ ಇಲ್ಲ. ಬದಲಿಗೆ ಅವನೇ ಪಾತ್ರದ ಹಿರಿಮೆಗೆ ತಕ್ಕಂತೆ ತಂಡಕ್ಕೆ ದುಡ್ಡು ಕಟ್ಟಬೇಕು. ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು, ಸಾತ್ಯಕಿಗೆ ಕಡಿಮೆ. ಹಾಗೆ ಕೂಡಿದ ಹಣ ಮೇಷ್ಟ್ರಿಗೆ, ಪರದೆ, ಪೋಷಾಕು, ಬಣ್ಣಗಳನ್ನು ಬಾಡಿಗೆಗೆ ಕೊಡುವ ಡ್ರಾಮಾ ಸೀನರಿಯವರಿಗೆ, ಮಂಡ್ಯ, ಮೈಸೂರುಗಳಿಂದ ಬರುವ ವೃತ್ತಿ ಕಲಾವಿದೆಯರಿಗೆ ಹಂಚಿಹೋಗುತ್ತದೆ. ಪಿಂಚಣಿಯ ಒಂದು ಪಾಲು ಹೀಗೆ ದ್ರೌಪದಿಯ ವಸ್ತ್ರಾಪಹರಣದ ದೃಶ್ಯಕ್ಕೆ ಸಲ್ಲುವುದನ್ನು ದುಂದೆನ್ನುವವರಿದ್ದಾರೆ. ಆದರೆ ಇಡೀ ಊರಿಗೆ ಒಂದು ರಾತ್ರಿಯ ಸಂಗೀತ, ಸಾಹಿತ್ಯಗಳನ್ನು ಟಿಕೆಟ್ಟಿಲ್ಲದೆ ಉಣಬಡಿಸುವ ಈ ವೆಚ್ಚವನ್ನು ದಾನವೆಂದು ಎಣಿಸುವುದೇ ನ್ಯಾಯ.

ಯಳಂದೂರು ತಾಲ್ಲೂಕಿನ ಅಗರ ಗ್ರಾಮದಲ್ಲಿ 1898ರಲ್ಲಿ ಹುಟ್ಟಿ, ‘ವಿಗಡ ವಿಕ್ರಮರಾಯ’ದಂಥ ಐತಿಹಾಸಿಕ ನಾಟಕಗಳನ್ನು ಬರೆದು, 1939ರಲ್ಲಿ ತೀರಿಕೊಂಡ ಸಂಸರು 20ಕ್ಕೂ ಹೆಚ್ಚು ನಾಟಕಗಳನ್ನು ರಚಿಸಿದ್ದರೂ ಇಂದು ದೊರೆಯುವುದು 6 ಮಾತ್ರ. ಕಾಗದದ ಮೇಲೆ ಇಳಿದ ಕೃತಿಗಳಿಗೇ ಈ ನೆಲದಲ್ಲಿ ಆ ಗತಿ ಬಂದಿರುವಾಗ, ಸ್ವರಲಿಪಿಯಿಲ್ಲದೆ ಮೇಷ್ಟ್ರುಗಳ ಬೆರಳುಗಳಲ್ಲೂ ಹಿರಿಯ ನಟರ ನಾಲಗೆಯಲ್ಲೂ ಮಾತ್ರ ಇರುವ ಮಟ್ಟುಗಳನ್ನು ಧ್ವನಿಮುದ್ರಿಸಿಡುವ ಕೆಲಸವನ್ನು ವಿಶ್ವವಿದ್ಯಾಲಯಗಳೋ ಅಕಾಡೆಮಿಗಳೋ ಕೈಗೆತ್ತಿಕೊಳ್ಳಬೇಕಾಗಿದೆ. ಹಾಡಿ ತೋರಿಸಬಲ್ಲವರು ಇನ್ನೂ ಇದ್ದಾರೆ; ಅವರಲ್ಲಿ ಹಲವರಿಗೆ ಎಪ್ಪತ್ತು ದಾಟಿದೆ.