ಪಾನಿಗಾಚೊ ಹಬ್ಬ: ರೊಟ್ಟಿಗೆ ಜನ ಸೇರ್ತಾರೆ, ಗೋಧಿ ಬೆಳೆದವರಿಗೆ ಏನು ಸಿಗುತ್ತೆ?

ಇಟಲಿಯಲ್ಲಿ ಆಗಸ್ಟ್ ಅಂದ್ರೆ ನಡುಬೇಸಿಗೆ. 15ನೇ ತಾರೀಕು ಫೆರಾಗೊಸ್ತೊ ಎಂಬ ದೊಡ್ಡ ರಜೆ. ದುಡಿಯಲು ಪಟ್ಟಣಕ್ಕೆ, ಹೊರದೇಶಕ್ಕೆ ಹೋದವರು ಆ ಹೊತ್ತಿಗೆ ಊರಿಗೆ ಬರ್ತಾರೆ, ನಮ್ಮಲ್ಲಿ ಜಾತ್ರೆಗೆ ಬಂದ ಹಾಗೆ. ಹಳ್ಳಿಗಳಲ್ಲಿ ‘ಸಾಗ್ರಾ’ಗಳ ಭರಾಟೆಯೂ ಆಗಲೇ. ಸಾಗ್ರಾ ಎಂಬ ಮಾತು ‘ಪವಿತ್ರ’ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಮೊದಲು ಅದು ಊರ ಚರ್ಚಿನ ಹಬ್ಬ. ಈಗ ಹೆಚ್ಚಿನ ಕಡೆ ಒಂದು ತಿನಿಸಿನ ಹೆಸರಲ್ಲಿ ನಡೆಯುತ್ತೆ: ಅಣಬೆ ಸಾಗ್ರಾ, ಚೆಸ್ಟ್‌ನಟ್ ಸಾಗ್ರಾ, ರೊಟ್ಟಿ ಸಾಗ್ರಾ.

ನಮ್ಮಲ್ಲೂ ಅವರೆ ಮೇಳ, ಸಿರಿಧಾನ್ಯ ಮೇಳ, ಹಲಸಿನ ಮೇಳ ಹೆಚ್ಚುತ್ತಿವೆ. ಮೇಳ ಮಾಡಿದರೆ ರೈತರಿಗೆ ಲಾಭ ಅಂತ ಎಲ್ಲರೂ ಹೇಳ್ತಾರೆ. ಅದು ತಾನಾಗಿಯೇ ಆಗುವುದಿಲ್ಲ. ಇಟಲಿಯ ಒಂದು ರೊಟ್ಟಿ ಹಬ್ಬ ಮತ್ತು ಅದರ ಪಕ್ಕದ ಕಣಿವೆಯ ಒಂದು ಬೆಳೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತೆ. ಆ ಬೆಳೆಗೂ ನಮ್ಮ ಉತ್ತರ ಕರ್ನಾಟಕಕ್ಕೂ ನೇರ ಸಂಬಂಧ ಇದೆ, ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಟಸ್ಕನಿಯ ಉತ್ತರ ತುದಿಯಲ್ಲಿ ಲುನಿಜಾನ ಎಂಬ ಗುಡ್ಡಗಾಡು ಸೀಮೆ. ಅಲ್ಲಿನ ಪೊಡೆನ್‌ಜಾನ ಎಂಬ ಸಣ್ಣ ಊರು ‘ಪಾನಿಗಾಚೊ’ ರೊಟ್ಟಿಗೆ ಹೆಸರುವಾಸಿ. ಆಗಸ್ಟ್‌ನಲ್ಲಿ ನಡೆಯುವ ಸಾಗ್ರಾ ಇದರದ್ದೇ. ರೊಟ್ಟಿಗೆ ಬೇಕಾದ್ದು ಗೋಧಿ ಹಿಟ್ಟು, ನೀರು, ಉಪ್ಪು, ಅಷ್ಟೇ. ಹಿಟ್ಟನ್ನು ನಾದುವುದಿಲ್ಲ, ದೋಸೆ ಹಿಟ್ಟಿನ ಹಾಗೆ ತೆಳ್ಳಗೆ ಕಲಸ್ತಾರೆ. ವಿಶೇಷ ಇರುವುದು ಸುಡುವುದರಲ್ಲಿ. ‘ತೆಸ್ತೊ’ ಎಂಬ ಸಣ್ಣ ಮಣ್ಣಿನ ತಟ್ಟೆಗಳನ್ನು ಸೌದೆ ಬೆಂಕಿಯೊಳಗೇ ಇಟ್ಟು ಕೆಂಡದ ಹಾಗೆ ಕೆಂಪಾಗುವವರೆಗೆ ಕಾಯಿಸ್ತಾರೆ. ಇಕ್ಕಳದಿಂದ ಒಂದನ್ನು ತೆಗೆದು ಇಟ್ಟು, ಒಂದು ಸೌಟು ಹಿಟ್ಟು ಹುಯ್ದು, ಮೇಲೆ ಇನ್ನೊಂದು ಕಾದ ತಟ್ಟೆ. ಅದರ ಮೇಲೆ ಮತ್ತೆ ಹಿಟ್ಟು, ಮತ್ತೆ ತಟ್ಟೆ. ಹೀಗೆ ಗೋಪುರ ಕಟ್ತಾರೆ. ಒಲೆ ಮೇಲೆ ಇಡುವ ಕೆಲಸವೇ ಇಲ್ಲ. ತಟ್ಟೆಯಲ್ಲಿ ಉಳಿದ ಕಾವಿಗೇ ರೊಟ್ಟಿ ಮೇಲೆ ಕೆಳಗೆ ಎರಡೂ ಕಡೆ ಕೆಲವೇ ನಿಮಿಷದಲ್ಲಿ ಬೇಯುತ್ತೆ. ನಮ್ಮ ಕರಾವಳಿಯ ಓಡು ದೋಸೆ ಗೊತ್ತಿದ್ದವರಿಗೆ ಇದನ್ನು ಕಣ್ಣಿಗೆ ತಂದುಕೊಳ್ಳುವುದು ಸುಲಭ. ವ್ಯತ್ಯಾಸ ಅಂದ್ರೆ ಇಲ್ಲಿ ಓಡಿನ ಮೇಲೆ ಓಡು. ಬಿಸಿ ಬಿಸಿಯಾಗಿ ಮೆದು ಚೀಸ್, ಉಪ್ಪು ಹಾಕಿ ಒಣಗಿಸಿದ ಮಾಂಸದ ಜೊತೆ ತಿಂತಾರೆ. ಬಿಸಿ ನೀರಿಗೆ ಅದ್ದಿ ತುಳಸಿ ಜಾತಿಯ ಬೇಸಿಲ್ ಎಲೆಯ ಚಟ್ನಿ ಸವರಿ ತಿನ್ನುವುದೂ ಉಂಟು.

ಇಂಥ ಹಬ್ಬಗಳನ್ನು ಸಾಮಾನ್ಯವಾಗಿ ನಡೆಸುವುದು ‘ಪ್ರೊ ಲೊಕೊ’ ಎಂಬ ಊರ ಸಂಘಗಳು. ಇವುಗಳ ರಾಷ್ಟ್ರೀಯ ಒಕ್ಕೂಟ 1962ರಲ್ಲಿ ಶುರುವಾಯ್ತು. ಅಡುಗೆಯವರು, ಬಡಿಸುವವರು, ತಟ್ಟೆ ಎತ್ತುವವರು ಎಲ್ಲ ಊರಿನವರೇ, ಸಂಬಳ ಇಲ್ಲ. ಕೌಂಟರಿನಲ್ಲಿ ದುಡ್ಡು ಕೊಟ್ಟು ಚೀಟಿ ತಗೊಂಡು ಉದ್ದನೆ ಬೆಂಚಿನಲ್ಲಿ ಕೂತರೆ ಊಟ ಬರುತ್ತೆ. ಉಳಿದ ಹಣ ಊರ ಕೆಲಸಕ್ಕೆ. ಇದಕ್ಕೆ ತಕರಾರೂ ಇದೆ. ತೆರಿಗೆಯಲ್ಲಿ ರಿಯಾಯಿತಿ, ಕೂಲಿ ಖರ್ಚಿಲ್ಲ, ನಾವು ಹೇಗೆ ಪೈಪೋಟಿ ಮಾಡೋದು ಅಂತ ಹೋಟೆಲಿನವರ ದೂರು. ಊರಿಗೆ ಸಂಬಂಧವೇ ಇಲ್ಲದ ತಿನಿಸು ತಂದು ಬೋರ್ಡ್ ಹಾಕುವ ಹುಸಿ ಸಾಗ್ರಾಗಳೂ ಹುಟ್ಟಿಕೊಂಡಿವೆ. ಹಾಗಾಗಿ ಊರಿನ ಪದಾರ್ಥಕ್ಕೆ ನಿಜವಾದ ನಂಟಿರುವ ಹಬ್ಬಗಳಿಗೆ ಒಕ್ಕೂಟವೇ ‘ಗುಣಮಟ್ಟದ ಸಾಗ್ರಾ’ ಎಂಬ ಗುರುತು ಕೊಡಲು ಶುರು ಮಾಡಿತು.

ಈಗ ಬೆಳೆಗಾರನ ಕಣ್ಣಲ್ಲಿ ನೋಡೋಣ. ಪಾನಿಗಾಚೊದಲ್ಲಿ ಊರಿನದ್ದು ಅಂತ ಇರುವುದು ತಟ್ಟೆ, ಬೆಂಕಿ ಮತ್ತು ಕೈಗುಣ. ಹಿಟ್ಟು ಮಾಮೂಲಿ ಗೋಧಿಯದ್ದಾದರೂ ನಡೆಯುತ್ತೆ, ಅದೇ ಬೆಟ್ಟದ ಹೊಲದ್ದೇ ಆಗಬೇಕು ಅಂತಿಲ್ಲ. ಹಬ್ಬಕ್ಕೆ ಎಷ್ಟೇ ಜನ ಬರಲಿ, ಸಂಘಕ್ಕೆ ಲಾಭ, ಊರಿಗೆ ಹೆಸರು. ಗೋಧಿ ಬೆಳೆದವನಿಗೆ ಅದರಿಂದ ಕ್ವಿಂಟಲ್‌ಗೆ ಒಂದು ಪೈಸೆ ಹೆಚ್ಚು ಸಿಗಬೇಕಾದ ಕಾರಣವೇ ಇಲ್ಲ. ಇದು ಹಬ್ಬದ ತಪ್ಪಲ್ಲ. ಅದು ಕೊಂಡಾಡುವುದು ಸುಡುವ ವಿದ್ಯೆಯನ್ನು, ಬೆಳೆಯನ್ನಲ್ಲ.

ಇದಕ್ಕೆ ಪೂರ್ತಿ ವಿರುದ್ಧ ಉದಾಹರಣೆ ದಕ್ಷಿಣ ಇಟಲಿಯ ಆಲ್ತಮೂರ ಬ್ರೆಡ್. 2003ರಲ್ಲಿ ಯುರೋಪಿನ ಪಿಡಿಒ ಮಾನ್ಯತೆ, ಅಂದ್ರೆ ಮೂಲಸ್ಥಾನದ ರಕ್ಷಣೆ, ಪಡೆಯಿತು. ಅದರ ನಿಯಮ ಶುರುವಾಗುವುದೇ ಹೊಲದಿಂದ. ಅಪುಲೊ, ಆರ್ಕಾಂಜೆಲೊ, ದುಯಿಲಿಯೊ, ಸಿಮೆತೊ ಎಂಬ ನಾಲ್ಕು ಡ್ಯೂರಂ ಗೋಧಿ ತಳಿಗಳು, ಒಂದೇ ಆಗಲಿ ಬೆರಕೆಯಾಗಲಿ, ಕನಿಷ್ಠ 80% ಇರಬೇಕು. ಗೊತ್ತುಪಡಿಸಿದ ಸೀಮೆಯಲ್ಲೇ ಬೆಳೆದಿರಬೇಕು. ಹುಳಿ ಹಿಟ್ಟಿನಿಂದಲೇ ಉಬ್ಬಿಸಬೇಕು, ಮೇಲಿನ ಗಟ್ಟಿ ಪದರ ಕನಿಷ್ಠ 3 ಮಿಲಿಮೀಟರ್ ದಪ್ಪ ಇರಬೇಕು. ಬೇಕರಿಯವನಿಗೆ ಆ ಹೆಸರು ಬೇಕಾದರೆ ಆ ಸೀಮೆಯ ರೈತನ ಹತ್ತಿರ ಹೋಗಲೇಬೇಕು.

ಇನ್ನು ನಾನು ಹೇಳಿದ ಪಕ್ಕದ ಕಣಿವೆ. ಲುನಿಜಾನಕ್ಕೆ ತಾಗಿಕೊಂಡೇ ಇರುವ ಗಾರ್ಫಾನ್ಯಾನದಲ್ಲಿ ‘ಫಾರ್ರೊ’ ಬೆಳೀತಾರೆ. 1996ರಲ್ಲೇ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ರಾಸಾಯನಿಕ ಗೊಬ್ಬರ, ಕೀಟನಾಶಕ ಇಲ್ಲದೆ ಬೆಳೆಯಬೇಕು ಎನ್ನುವುದು ನಿಯಮದಲ್ಲೇ ಇದೆ. ಈ ಫಾರ್ರೊ ಸಸ್ಯಶಾಸ್ತ್ರದ ಪ್ರಕಾರ ಟ್ರಿಟಿಕಮ್ ಡೈಕಾಕಮ್. ಅಂದ್ರೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಕಡೆಯ ಜವೆ ಗೋಧಿ! ಸದಕ, ಕಪ್ಲಿ ಅಂತ ಕರೆಯುವುದೂ ಇದನ್ನೇ. ಅಲ್ಲಿ ಹುರುಳಿಕಾಯಿ ಜಾತಿಯ ಒಣಗಿದ ಕಾಳು ಹಾಕಿ ಸೂಪ್ ಮಾಡ್ತಾರೆ, ಇಲ್ಲಿ ಬೆಲ್ಲ ಹಾಕಿ ಹುಗ್ಗಿ. ಹೆಸರು ಬೇರೆ, ಕಾಳು ಒಂದೇ ಜಾತಿ.

ಜವೆ ಗೋಧಿಯ ಕಷ್ಟವೂ ಎರಡೂ ಕಡೆ ಒಂದೇ. ಒಕ್ಕಣೆ ಮಾಡಿದರೆ ಕಾಳು ಹೊಟ್ಟಿನ ಸಮೇತ ಉದುರುತ್ತೆ. ಹೊಟ್ಟು ಬಿಡಿಸಲು ಇನ್ನೊಂದು ಹಂತ ಬೇಕು, ಹಾಗೆ ಬಿಡಿಸಿದಾಗ ತೂಕದಲ್ಲಿ ಸುಮಾರು ಕಾಲು ಭಾಗ ಹೋಗುತ್ತೆ. ಹಿಂದೆ ನೀರು ಚಿಮುಕಿಸಿ ಒರಳಲ್ಲಿ ಕುಟ್ಟುತ್ತಿದ್ದರು. ಹೊಟ್ಟಿನ ಸಮೇತ ಮಾರಿದವರಿಗೆ ಸಿಗುವುದು ಹೊಟ್ಟಿನ ಸಮೇತದ ಬೆಲೆ. ಒಳ್ಳೆ ಬೆಲೆ ಇರುವುದು ಬಿಡಿಸಿದ ಕಾಳು, ರವೆ, ಶಾವಿಗೆಗೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ-1025, ಡಿಡಿಕೆ-1029 ತಳಿಗಳು ಗಿಡ್ಡವಾಗಿರುವುದರಿಂದ ಹಳೇ ಎತ್ತರದ ತಳಿಯಷ್ಟು ಮಲಗುವುದಿಲ್ಲ. ಆದರೆ ಹೊಟ್ಟು ಬಿಡಿಸುವ ಕೆಲಸ ಇವಕ್ಕೂ ತಪ್ಪಿದ್ದಲ್ಲ. ಹಾಗಾಗಿ ಊರಲ್ಲಿ ಜವೆ ಗೋಧಿ ಮೇಳ ಮಾಡುವ ಯೋಚನೆ ಇದ್ದರೆ ಪೆಂಡಾಲಿಗಿಂತ ಮೊದಲು ಹೊಟ್ಟು ಬಿಡಿಸುವ ಯಂತ್ರ ಎಲ್ಲಿದೆ ಅಂತ ಹುಡುಕಿ. ರೈತ ಉತ್ಪಾದಕ ಸಂಸ್ಥೆ ಅಥವಾ ಸ್ವಸಹಾಯ ಸಂಘದ ಹೆಸರಲ್ಲಿ ಒಂದು ಯಂತ್ರ ಇದ್ದರೂ ಸಾಕು.

ಮೇಳದಲ್ಲಿ ಬರೀ ಹುಗ್ಗಿ ಬಡಿಸಿ ಕಳಿಸಿದರೆ ಪಾನಿಗಾಚೊ ಕತೆಯೇ ಆಗುತ್ತೆ. ತಿಂದವರು ಅಡುಗೆಯವರನ್ನು ಹೊಗಳಿ ಹೋಗ್ತಾರೆ. ಹುಗ್ಗಿ ಬಡಿಸುವ ಜಾಗದ ಪಕ್ಕದಲ್ಲೇ ಅದೇ ಊರಿನ ಕಾಳು, ಬೆಳೆದವರ ಹೆಸರು, ಊರು, ತಳಿ ಬರೆದ 1 ಕೆಜಿ, 2 ಕೆಜಿ ಚೀಲದಲ್ಲಿ ಇರಬೇಕು. ಹುಗ್ಗಿಗೆ ಹಾಕಿದ್ದೂ ಅದೇ ಕಾಳಾಗಿರಬೇಕು. ಪೇಟೆಯಿಂದ ಗೋಧಿ ತರಿಸಿ ಬೇಯಿಸಿದರೆ ತಿಂದು ಬಲ್ಲ ಅಜ್ಜಿಯರು ಮೊದಲ ತುತ್ತಿಗೇ ಹಿಡೀತಾರೆ. ಇನ್ನೊಂದು ಮಾತು: ಕೆಲವರು ‘ಗ್ಲುಟೆನ್ ಇಲ್ಲದ ಗೋಧಿ’ ಅಂತ ಬೋರ್ಡ್ ಹಾಕ್ತಾರೆ. ದಯವಿಟ್ಟು ಹಾಕಬೇಡಿ. ಜವೆ ಗೋಧಿಯೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ. ಗ್ಲುಟೆನ್ ಆಗದ ಕಾಯಿಲೆ ಇರುವವರು ನಂಬಿ ತಿಂದರೆ ತೊಂದರೆಯಾಗುತ್ತೆ.

ಹೊತ್ತು ಯಾವುದು ಅಂತ ಕೇಳಿದರೆ, ಹಿಂಗಾರಿನಲ್ಲಿ ಅಕ್ಟೋಬರ್-ನವೆಂಬರ್‌ನಲ್ಲಿ ಬಿತ್ತಿದ ಬೆಳೆ ಫೆಬ್ರುವರಿ-ಮಾರ್ಚ್‌ಗೆ ಕೊಯ್ಲಿಗೆ ಬರುತ್ತೆ. ಕಾಳು ಒಣಗಿಸಿ, ಹೊಟ್ಟು ಬಿಡಿಸಿ, ಚೀಲ ತುಂಬುವುದಕ್ಕೆ ಒಂದು ತಿಂಗಳು ಬಿಟ್ಟುಕೊಂಡರೆ ಏಪ್ರಿಲ್ ಕೊನೆ. ಶಾಲೆಗೆ ರಜೆ ಇರುತ್ತೆ, ಬೆಂಗಳೂರು, ಪುಣೆಗೆ ಹೋದವರು ಮಕ್ಕಳನ್ನು ಕರಕೊಂಡು ಊರಿಗೆ ಬಂದಿರ್ತಾರೆ. ವಾಪಸ್ ಹೋಗುವಾಗ ಅವರ ಕಾರಿನಲ್ಲಿ ಜಾಗವೂ ಇರುತ್ತೆ.