ಟ್ರೇಲರ್ ಪ್ಲಗ್ಗಿನ ಮೂರನೇ ಪಿನ್ನು

ಇವತ್ತಿನ ಮಾತು ಅಂಗೈಯಲ್ಲಿ ಹಿಡಿಯೋವಷ್ಟು ಪುಟ್ಟ ವಸ್ತುವಿನ ಬಗ್ಗೆ. ಟ್ರ್ಯಾಕ್ಟರ್‌ನಿಂದ ಟ್ರೇಲರ್‌ಗೆ ಕರೆಂಟ್ ಕೊಡೋ ಏಳು ಪಿನ್ನಿನ ಪ್ಲಗ್.

ಕಳೆದ ಕಬ್ಬಿನ ಹಂಗಾಮಿನಲ್ಲಿ ಮದ್ದೂರು ಕಡೆ ರಾತ್ರಿ ಲೋಡ್ ಹೊಡೀತಿದ್ದೆ. ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದೆ. ಹಿಂದೆ ಟೈರು ಉಜ್ಜಿದ ಸದ್ದು ಕೇಳಿಸ್ತು. ಇಳಿದು ನೋಡಿದ್ರೆ ಬೈಕಿನ ಹುಡುಗನೊಬ್ಬ ಕಬ್ಬಿನ ತುದಿಗೆ ಮೊಳ ದೂರದಲ್ಲಿ ನಿಂತಿದ್ದ. 'ಅಣ್ಣಾ, ಕೆಂಪು ದೀಪ ಮಂಕಾಗಿ ಕಾಣ್ತಿತ್ತು, ಹತ್ರ ಬರೋವಾಗ ಆರಿಹೋಯ್ತು' ಅಂದ. ನಂಗೆ ಕೈಕಾಲೇ ಆಡಲಿಲ್ಲ.

ಬ್ರೇಕ್ ಒತ್ತಿದಾಗ ದೀಪ ಜಾಸ್ತಿ ಉರೀಬೇಕು ತಾನೆ, ಆರೋದು ಹೇಗೆ? ಬೆಳಿಗ್ಗೆ ಪ್ಲಗ್ ಬಿಚ್ಚಿದಾಗ ಗೊತ್ತಾಯ್ತು. ಮೂರನೇ ಪಿನ್ನಿನ ತಂತಿ ಹಸಿರು ಕಿಲುಬು ಹಿಡಿದು ತುಂಡಾಗಿತ್ತು. ಅದು ಅರ್ಥಿಂಗ್. ಎಲ್ಲ ದೀಪಗಳ ಕರೆಂಟ್ ವಾಪಸ್ ಬರೋದು ಅದೊಂದೇ ದಾರಿಯಲ್ಲಿ. ಆ ದಾರಿ ಮುಚ್ಚಿದ್ರೆ ಟೈಲ್ ದೀಪದ ಕರೆಂಟ್ ಬ್ರೇಕ್ ಬಲ್ಬಿನ ಮೂಲಕ ಕಳ್ಳದಾರಿ ಹಿಡಿಯುತ್ತೆ, ದೀಪ ಮಂಕಾಗಿ ಉರಿಯುತ್ತೆ. ಬ್ರೇಕ್ ಒತ್ತಿದ ಕೂಡಲೇ ಆ ಕಡೆಯಿಂದಲೂ 12 ವೋಲ್ಟ್ ಬರುತ್ತೆ. ಎರಡೂ ಕಡೆ ಸಮ ಆದ್ಮೇಲೆ ಕರೆಂಟ್ ಹರಿಯೋದೆಲ್ಲಿಗೆ? ಇಂಡಿಕೇಟರ್ ಒಂದಿಷ್ಟು ಮಿಣುಕಬಹುದು, ಅಷ್ಟೇ.

ಸರಿ, ರಿಪೇರಿಗೆ ಬರೋಣ. ಮೊದಲು ಟೆಸ್ಟ್ ಲ್ಯಾಂಪ್ ಹಿಡಿದು ಟ್ರ್ಯಾಕ್ಟರ್ ಕಡೆಯ ಸಾಕೆಟ್ ನೋಡಿ. ಒಬ್ಬರು ಸ್ವಿಚ್ ಹಾಕ್ತಾ ಹೋಗಲಿ. ಅಲ್ಲಿ ಎಲ್ಲ ಸರಿಯಿದ್ರೆ ದೋಷ ಪ್ಲಗ್ಗಿನಲ್ಲೋ ಟ್ರೇಲರ್‌ನಲ್ಲೋ ಇದೆ ಅಂತರ್ಥ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಪ್ಲಗ್ ತೆರೆದು, ಹಳೇ ಜೋಡಣೆಯ ಫೋಟೋ ತೆಗೆದಿಟ್ಕೊಳ್ಳಿ.

ಬಣ್ಣ ನಂಬಬೇಡಿ, ಅಂಕಿ ನಂಬಿ. ಕೈಗೆ ಸಿಕ್ಕಿದ ತಂತಿ ಹಾಕಿ ಎಷ್ಟು ಸಲ ರಿಪೇರಿ ಆಗಿರುತ್ತೋ ಯಾರಿಗೆ ಗೊತ್ತು. ಐಎಸ್‌ಒ 1724 ಅನ್ನೋ ಮಾನದಂಡದ 12 ವೋಲ್ಟ್ ಪ್ಲಗ್ಗಿನಲ್ಲಿ 1 ಎಡ ಇಂಡಿಕೇಟರ್, 2 ಹಿಂದಿನ ಫಾಗ್ ದೀಪ, 3 ಅರ್ಥಿಂಗ್, 4 ಬಲ ಇಂಡಿಕೇಟರ್, 5 ಬಲ ಟೈಲ್, 6 ಬ್ರೇಕ್, 7 ಎಡ ಟೈಲ್. ನನ್ನ ಟ್ರೇಲರ್‌ನಲ್ಲಿ ಎರಡನೇದು ಖಾಲಿ. ಎದುರಿನಿಂದ ನೋಡಿದಾಗಿನ ಎಡ, ತಂತಿ ಕಟ್ಟೋ ಹಿಂಬದಿಯಲ್ಲಿ ಬಲ ಆಗುತ್ತೆ. ಅದಕ್ಕೇ ಒಳಗೆ ಕೆತ್ತಿರೋ ಅಂಕಿ ನೋಡಿಯೇ ಕಟ್ಟಿ.

ಕಿಲುಬು ಹಿಡಿದ ತಾಮ್ರವನ್ನ ಕತ್ತರಿಸಿ ಬಿಸಾಕಿ, ಹೊಳೆಯೋ ತಾಮ್ರ ಸಿಗೋವರೆಗೂ ಹಿಂದಕ್ಕೆ ಹೋಗಿ. ಪ್ಲಗ್ಗಿನ ಮುಚ್ಚಳವನ್ನ ಕೇಬಲ್‌ಗೆ ಮೊದಲೇ ತೂರಿಸಿ. ನಾನು ಮರೆತು ಏಳೂ ಸ್ಕ್ರೂ ಮತ್ತೆ ಬಿಚ್ಚಿದೆ! ಎರಡು ಬ್ರೇಕ್ ಬಲ್ಬು 21 ವ್ಯಾಟ್‌ನವಾದ್ರೆ ಅವೇ ಮೂರೂವರೆ ಆಂಪಿಯರ್ ಎಳೀತಾವೆ. ಉಳಿದ ದೀಪಗಳದ್ದೂ ಸೇರಿ ಬರೋದ್ರಿಂದ ಅರ್ಥಿಂಗ್‌ಗೆ ದಪ್ಪ ತಂತಿ ಹಾಕಿ. ಅದು ಟ್ರೇಲರ್ ಚಾಸಿಗೆ ಕೂರೋ ಜಾಗದಲ್ಲಿ ಪೇಂಟು, ತುಕ್ಕು ಎರಡನ್ನೂ ಉಜ್ಜಿ ತೆಗೀರಿ. ಕೊಂಡಿ ಪಿನ್ನಿನ ಕಬ್ಬಿಣದಿಂದಲೇ ಅರ್ಥಿಂಗ್ ಸಿಗುತ್ತಲ್ಲ ಅನ್ನೋರಿದ್ದಾರೆ. ಗ್ರೀಸು, ತುಕ್ಕು, ಕುಲುಕಾಟದ ನಡುವೆ ಅದು ಬರುತ್ತೆ, ಹೋಗುತ್ತೆ.

ಕೇಬಲ್ ಹಿಡಿಯೋ ಕ್ಲಾಂಪ್ ಬಿಗಿ ಮಾಡೋದನ್ನ ಮರೀಬೇಡಿ. ಇಲ್ಲಾಂದ್ರೆ ಎಳೆತವೆಲ್ಲ ತಂತಿ ಮೇಲೇ ಬೀಳುತ್ತೆ. ತಿರುಗೋವಾಗ ಎಳೆಯದಷ್ಟು ಸಡಿಲ ಇರಲಿ, ನೆಲಕ್ಕೆ ಉಜ್ಜಬಾರದು.

ಕೊನೆಗೆ ಒಂದೊಂದೇ ದೀಪ ನೋಡಿ ಸುಮ್ಮನಾಗಬೇಡಿ. ಟೈಲ್ ದೀಪ ಹಾಕಿ, ಇಂಡಿಕೇಟರ್ ಹಾಕಿ, ಅದರ ಮೇಲೆ ಬ್ರೇಕ್ ಒತ್ತಿಸಿ, ನೀವು ಹಿಂದೆ ನಿಂತು ನೋಡಿ. ನನ್ನ ಟೈಲ್ ದೀಪ ಒಂಟಿಯಾಗಿ ಉರೀತಾನೇ ಇತ್ತು. ಕೈಕೊಟ್ಟಿದ್ದು ಬ್ರೇಕ್ ಒತ್ತಿದಾಗ.

ಈಗ ಲೋಡ್ ಕಟ್ಟಿದ ಮೇಲೆ ಹಿಂದೆ ಹೋಗಿ ನಿಂತು ನೋಡದೆ ನಾನು ಹೊರಡೋದಿಲ್ಲ. ನೀವೂ ಇವತ್ತು ಸಂಜೆ ಒಂದ್ಸಲ ನೋಡಿ.