ಫ್ರಾಂಕ್ಲಿನನ ಚುಕ್ಕೆಯ ಪುಸ್ತಕ

ತನ್ನ ಶೀಲವನ್ನು ತಾನೇ ತಿದ್ದಿಕೊಳ್ಳಬೇಕೆಂದು ಸಂಕಲ್ಪಿಸಿದವರು ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಇದ್ದಾರೆ. ಆದರೆ ಆ ಕಾರ್ಯಕ್ಕೆ ಕೆಂಪು ಗೆರೆಗಳನ್ನೆಳೆದ ಪುಸ್ತಕವೊಂದನ್ನು ಹೂಡಿ, ಮಳಿಗೆಯ ಯಜಮಾನನು ದೀಪ ಹಚ್ಚಿದ ಮೇಲೆ ಜಮಾಖರ್ಚನ್ನು ತಾಳೆನೋಡುವಂತೆ ತನ್ನ ದಿನದ ನಡತೆಯನ್ನು ತಾಳೆನೋಡಿದ ಬೆಂಜಮಿನ್ ಫ್ರಾಂಕ್ಲಿನನಂಥವರು ವಿರಳ. ಬಾಸ್ಟನ್ ನಗರದಲ್ಲಿ ಸಾಬೂನು, ಮೇಣದ ಬತ್ತಿಗಳನ್ನು ಮಾಡುತ್ತಿದ್ದವನೊಬ್ಬನ ಹದಿನೇಳು ಮಕ್ಕಳಲ್ಲಿ ಒಬ್ಬನಾಗಿ 1706ರಲ್ಲಿ ಹುಟ್ಟಿ, ಎರಡು ವರ್ಷವೂ ತುಂಬ ಶಾಲೆಯಲ್ಲಿ ಓದದೆ, ಹದಿನೇಳನೆಯ ವಯಸ್ಸಿನಲ್ಲಿ ಫಿಲಡೆಲ್ಫಿಯಕ್ಕೆ ಓಡಿಹೋಗಿ, ಅಚ್ಚುಮೊಳೆ ಜೋಡಿಸುವ ಕೆಲಸದಿಂದ ಮೇಲೆದ್ದು, ಮುಂದೆ ಮಿಂಚಿನ ಸ್ವರೂಪವನ್ನು ಶೋಧಿಸಿದ ವಿಜ್ಞಾನಿಯೂ ಅಮೆರಿಕದ ಸ್ವಾತಂತ್ರ್ಯಘೋಷಣೆಗೆ ಹಸ್ತಾಕ್ಷರವಿತ್ತ ರಾಜಕಾರಣಿಯೂ ಆದ ಈ ಪುರುಷನು, ಯೌವನದಲ್ಲಿ, ಯಾವ ಕಾಲದಲ್ಲಿಯೂ ಯಾವ ದೋಷವನ್ನೂ ಮಾಡದೆ ಬದುಕುವೆನೆಂಬ ಸಾಹಸಕ್ಕೆ ಕೈಹಾಕಿದನು. ಆ ಸಾಹಸದ ವೃತ್ತಾಂತವನ್ನು ಆತನು ವೃದ್ಧಾಪ್ಯದಲ್ಲಿ, 1784ರಲ್ಲಿ, ಪ್ಯಾರಿಸ್ಸಿನ ಸಮೀಪದ ಪಾಸಿ ಎಂಬಲ್ಲಿ ಕುಳಿತು, ತನ್ನ ಆತ್ಮಚರಿತ್ರೆಯ ಎರಡನೆಯ ಭಾಗದಲ್ಲಿ, ನಗುತ್ತಲೇ ಬರೆದಿದ್ದಾನೆ.

ಹುಟ್ಟುಗುಣ ಸುಟ್ಟರೂ ಹೋಗದೆಂದು ನಮ್ಮಲ್ಲಿ ಹೇಳುವುದುಂಟು. ಫ್ರಾಂಕ್ಲಿನನು ಅದನ್ನು ಒಪ್ಪುತ್ತಿರಲಿಲ್ಲ. ಒಳಿತಾವುದು, ಕೆಡುಕಾವುದು ಎಂಬ ತಿಳಿವಳಿಕೆ ತನಗಿದ್ದರೂ, ಮನಸ್ಸು ಒಂದು ಕಡೆ ಕಾವಲಿರುವಾಗ ಇನ್ನೊಂದು ಕಡೆಯಿಂದ ಹಳೆಯ ಚಾಳಿಯು ನುಸುಳಿಬರುವುದೆಂಬುದನ್ನು ಅವನು ಬೇಗನೆ ಕಂಡುಕೊಂಡನು. ಬರಿಯ ತಿಳಿವು ಸಾಲದು, ಕೆಟ್ಟ ಅಭ್ಯಾಸವನ್ನು ಮುರಿದು ಒಳ್ಳೆಯದನ್ನು ನೆಲೆಗೊಳಿಸದ ಹೊರತು ನಡತೆಯು ಸ್ಥಿರವಾಗದೆಂಬ ನಿರ್ಣಯಕ್ಕೆ ಬಂದನು. ದೀರ್ಘಕಾಲ, ಎಡೆಬಿಡದೆ, ಆದರದಿಂದ ಸೇವಿಸಿದ ಅಭ್ಯಾಸವೇ ದೃಢಭೂಮಿಯಾಗುವುದೆಂದು ಪತಂಜಲಿಯು ಬಹು ಹಿಂದೆಯೇ ಸೂತ್ರಿಸಿದ್ದನ್ನು ಬಲ್ಲ ನಮಗೆ ಇದು ಹೊಸ ಮಾತೇನೂ ಅಲ್ಲ. ಹೊಸದಾಗಿದ್ದುದು ಅವನ ಯಂತ್ರಸದೃಶವಾದ ಉಪಾಯ.

ಮಿತಾಹಾರ, ಮೌನ, ಕ್ರಮ, ದೃಢಸಂಕಲ್ಪ, ಮಿತವ್ಯಯ, ಉದ್ಯೋಗಶೀಲತೆ, ನಿಷ್ಕಾಪಟ್ಯ, ನ್ಯಾಯ, ಮಧ್ಯಮಮಾರ್ಗ, ಶುಚಿತ್ವ, ಶಾಂತಿ, ಬ್ರಹ್ಮಚರ್ಯ ಎಂದು ಹನ್ನೆರಡು ಗುಣಗಳನ್ನು ಅವನು ಮೊದಲು ಆರಿಸಿದನು. ಈ ಅನುಕ್ರಮವು ಯದೃಚ್ಛೆಯಾದುದಲ್ಲ: ಊಟಪಾನಗಳಲ್ಲಿ ಹಿತಮಿತವಿದ್ದರೆ ತಲೆ ತಿಳಿಯಾಗಿ ಉಳಿದ ಕಾವಲು ಸುಲಭವಾದೀತು, ತಲೆ ತಿಳಿಯಾದರೆ ಹರಟೆಯನ್ನೂ ಶ್ಲೇಷದ ಚಟವನ್ನೂ ಬಿಡಬಹುದು, ಹರಟೆ ಬಿಟ್ಟವನಿಗೆ ಕ್ರಮವಾಗಿ ದುಡಿಯಲು ಹೊತ್ತು ಸಿಕ್ಕೀತು — ಹೀಗೆ ಒಂದು ಗುಣವು ಮತ್ತೊಂದಕ್ಕೆ ದಾರಿಮಾಡಬೇಕೆಂಬುದು ಅವನ ಎಣಿಕೆ. ಪುಸ್ತಕದ ಪುಟದಲ್ಲಿ ವಾರದ ಏಳು ದಿನಗಳಿಗೆ ಏಳು ಕಂಬ, ಗುಣವೊಂದಕ್ಕೆ ಒಂದು ಸಾಲು. ಯಾವ ಗುಣದಲ್ಲಿ ಯಾವ ದಿನ ತಪ್ಪಿದನೋ ಆ ಮನೆಯಲ್ಲಿ ಒಂದು ಕಪ್ಪು ಚುಕ್ಕೆ. ಎಲ್ಲವನ್ನೂ ಒಮ್ಮೆಗೇ ಸಾಧಿಸಹೋಗದೆ ವಾರಕ್ಕೊಂದು ಗುಣದ ಮೇಲೆ ಮಾತ್ರ ವಿಶೇಷ ಲಕ್ಷ್ಯವಿಡುವುದು, ಮಿಕ್ಕವನ್ನು ಎಂದಿನಂತೆ ನಡೆಯಬಿಟ್ಟು ಚುಕ್ಕೆಯನ್ನಷ್ಟೇ ಗುರುತಿಸುವುದು ಅವನ ವಿಧಿ. ಈ ಒಂದು ವಿವೇಕಕ್ಕಾಗಿಯಾದರೂ ಆ ಪುಸ್ತಕವು ಮಾನ್ಯವಾದದ್ದೆಂದು ನನ್ನ ಎಣಿಕೆ. ಯುಗಾದಿಯ ದಿನ ಹತ್ತು ವ್ರತಗಳನ್ನು ಒಟ್ಟಿಗೆ ಹಿಡಿದು, ಚೈತ್ರ ಮುಗಿಯುವಷ್ಟರಲ್ಲಿ ಆ ದಿನಚರಿಯ ಹಾಳೆಗಳನ್ನು ಅಗಸನ ಲೆಕ್ಕಕ್ಕೆ ಒಪ್ಪಿಸುವವರು ನಮ್ಮಲ್ಲಿ ಕಡಮೆಯಿಲ್ಲ.

ಹದಿಮೂರನೆಯ ಗುಣವು ಸೇರಿದ ಬಗೆ ಸ್ವಾರಸ್ಯವಾದುದು. ಕ್ವೇಕರ್ ಪಂಥದ ಗೆಳೆಯನೊಬ್ಬನು, ಮಾತಿನಲ್ಲಿ ನೀನು ಗರ್ವಿಯೆಂದು ಜನ ಹೇಳುತ್ತಾರೆಂದು ನಯವಾಗಿ ತಿಳಿಸಿ, ನಿದರ್ಶನಗಳನ್ನೂ ಕೊಟ್ಟಾಗ, ಅವನು ಪಟ್ಟಿಗೆ ವಿನಯವನ್ನು ಸೇರಿಸಿದನು. ಹದಿಮೂರು ಗುಣಕ್ಕೆ ಹದಿಮೂರು ವಾರ, ವರ್ಷಕ್ಕೆ ನಾಲ್ಕು ಆವೃತ್ತಿ! ಲೆಕ್ಕವು ಸರಿಹೋಯಿತು, ವಿನಯವು ಬರಲಿಲ್ಲ. ‘ನಿಶ್ಚಯವಾಗಿ’, ‘ನಿಸ್ಸಂದೇಹವಾಗಿ’ ಎಂಬಂಥ ಮಾತುಗಳನ್ನು ತೊರೆದು ‘ನನಗೆ ಹೀಗೆ ತೋರುತ್ತದೆ’ ಎನ್ನುವುದನ್ನು ರೂಢಿಮಾಡಿಕೊಂಡಮೇಲೆ ಸಭೆಗಳಲ್ಲಿ ತನ್ನ ಮಾತು ಹೆಚ್ಚು ನಡೆಯಿತೆಂದೂ, ಆದರೆ ದೊರಕಿದ್ದು ವಿನಯದ ತೋರಿಕೆಯೇ ಹೊರತು ವಿನಯವಲ್ಲವೆಂದೂ, ಒಂದು ವೇಳೆ ಗರ್ವವನ್ನು ಪೂರ್ಣವಾಗಿ ಗೆದ್ದರೆ ಆ ವಿನಯಕ್ಕಾಗಿಯೇ ಗರ್ವಪಟ್ಟೇನೆಂದೂ ಅವನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಕ್ರಮವೆಂಬ ಗುಣವಂತೂ ಕಡೆಯವರೆಗೂ ಕೈಗೆ ಸಿಗಲಿಲ್ಲ. ಅಳಿಸಿ ಅಳಿಸಿ ಕಾಗದವು ತೂತಾದುದರಿಂದ ದಂತದ ಹಾಳೆಗಳ ಮೇಲೆ ಗೆರೆಯೆಳೆದು, ಸೀಸದ ಕಡ್ಡಿಯಿಂದ ಚುಕ್ಕೆಯಿಟ್ಟು, ಒದ್ದೆಯ ಸ್ಪಂಜಿನಿಂದ ಒರಸತೊಡಗಿದನು. ಕಾಲಕ್ರಮದಲ್ಲಿ ವರ್ಷಕ್ಕೊಂದೇ ಆವೃತ್ತಿಯಾಗಿ, ಬಳಿಕ ಹಲವು ವರ್ಷಗಳಿಗೊಂದಾಗಿ, ಕೊನೆಗೆ ಪ್ರವಾಸ ಕಾರ್ಯಭಾರಗಳ ನಡುವೆ ಲೆಕ್ಕವೇ ನಿಂತುಹೋಯಿತು. ಪುಸ್ತಕವು ಮಾತ್ರ ಯಾವಾಗಲೂ ಜೊತೆಯಲ್ಲಿರುತ್ತಿತ್ತು.

ಈ ವೃತ್ತಾಂತವನ್ನು ಓದಿ ಮೆಚ್ಚುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ವಿಚಾರವು ಇಲ್ಲಿಂದ ಮುಂದೆಯೇ ಆರಂಭವಾಗುತ್ತದೆ. ಎಂಟನೆಯ ಸಾಲಿನಲ್ಲಿ ನ್ಯಾಯವಿತ್ತಷ್ಟೆ. ಯಾರಿಗೂ ಕೇಡನ್ನೆಸಗಕೂಡದು, ಸಲ್ಲಬೇಕಾದ ಉಪಕಾರವನ್ನು ತಪ್ಪಿಸಲೂ ಕೂಡದು ಎಂಬ ಅರ್ಥದ ವಿಧಿಯನ್ನು ಅದಕ್ಕೆ ಅವನೇ ಬರೆದಿದ್ದನು. ಅದೇ ಕಾಲದಲ್ಲಿ ಅವನ ‘ಪೆನ್ಸಿಲ್ವೇನಿಯ ಗೆಜೆಟ್’ ಪತ್ರಿಕೆಯಲ್ಲಿ ಗುಲಾಮರು ಮಾರಾಟಕ್ಕಿದ್ದಾರೆಂಬ ಜಾಹೀರಾತುಗಳು ಅಚ್ಚಾಗುತ್ತಿದ್ದುವು. ಅವನ ಮನೆಯಲ್ಲಿಯೂ ಗುಲಾಮರು ಸೇವೆಮಾಡುತ್ತಿದ್ದರು. 1757ರಲ್ಲಿ ಲಂಡನ್ನಿಗೆ ಹೊರಟಾಗ ಇಬ್ಬರನ್ನು ಸಂಗಡ ಕರೆದೊಯ್ದನು. ಅದಕ್ಕಾಗಿ ನ್ಯಾಯದ ಸಾಲಿನಲ್ಲಿ ಚುಕ್ಕೆಯನ್ನಿಡಬೇಕೆಂದು ಅವನಿಗೆ ತೋರಿದಂತಿಲ್ಲ. ಅವನು ಕಪಟಿಯಾಗಿದ್ದನೆಂದು ನಾನು ಹೇಳಲಾರೆ. ಊರೆಲ್ಲ ದೋಷವೆಂದೆಣಿಸದ ದೋಷವು ಒಬ್ಬನ ಪುಸ್ತಕದಲ್ಲಿ ತಾನಾಗಿ ಮೂಡುವುದಿಲ್ಲ. ಅಭ್ಯಾಸವು ಕಂಡ ತಪ್ಪನ್ನು ತಿದ್ದಬಲ್ಲುದು, ಕಾಣದ್ದನ್ನು ಕಾಣಿಸಲಾರದು.

ಕಾಣುವಂತಾದುದು ಬೇರೆ ಬಗೆಯಿಂದ. ಕಪ್ಪುಮಕ್ಕಳಿಗೆ ವಿದ್ಯೆ ಕಲಿಸಲೆಂದು ಇಂಗ್ಲೆಂಡಿನ ಧರ್ಮಸಂಘವೊಂದು ಫಿಲಡೆಲ್ಫಿಯದಲ್ಲಿ ತೆರೆದಿದ್ದ, ತಾನೂ ನೆರವಾಗಿದ್ದ ಶಾಲೆಯೊಂದಕ್ಕೆ ಅವನು 1763ರಲ್ಲಿ ಭೇಟಿಕೊಟ್ಟು, ಮಕ್ಕಳು ಪಾಠ ಒಪ್ಪಿಸುವುದನ್ನು ಕುಳಿತು ಕೇಳಿದನು. ಗ್ರಹಣದಲ್ಲಿ, ನೆನಪಿನಲ್ಲಿ, ವಿಧೇಯತೆಯಲ್ಲಿ ಇವರು ಬಿಳಿಯರ ಮಕ್ಕಳಿಗೆ ಯಾವ ವಿಧದಲ್ಲಿಯೂ ಕಡಮೆಯಲ್ಲವೆಂದೂ, ತನ್ನ ಹಿಂದಿನ ಅಭಿಪ್ರಾಯಗಳೆಲ್ಲವನ್ನೂ ಸಮರ್ಥಿಸಹೊರಡುವುದಿಲ್ಲವೆಂದೂ ಬಳಿಕ ಕಾಗದ ಬರೆದನು. ಆವರೆಗೆ ಐವತ್ತೇಳು ವರ್ಷ ಬದುಕಿ, ಹದಿಮೂರು ಗುಣಗಳನ್ನು ಅದೆಷ್ಟೋ ಆವೃತ್ತಿ ಸುತ್ತಿಬಂದವನಿಗೆ ಅರಿವು ಮೂಡಿದುದು ಪುಸ್ತಕದೆದುರಿನಲ್ಲಲ್ಲ, ಮಕ್ಕಳೆದುರಿನಲ್ಲಿ. ಆಮೇಲೂ ಅವನ ನಡೆ ಆಮೆಯ ನಡೆಯೇ. ಕಂಡ ಸತ್ಯಕ್ಕೂ ನಡೆದ ಬಾಳಿಗೂ ನಡುವೆ ಇಪ್ಪತ್ತಕ್ಕೂ ಮಿಕ್ಕ ವರ್ಷಗಳು ಸರಿದುವು.

ಆದರೆ ಒಮ್ಮೆ ಆ ಮೌಲ್ಯವನ್ನು ತನ್ನದೆಂದು ಬಗೆದಮೇಲೆ, ಅರ್ಧ ಶತಮಾನದ ಹಿಂದೆ ಬೆಳೆಸಿದ ಅಭ್ಯಾಸಗಳು ಅದರ ಸೇವೆಗೆ ಒದಗಿದುವೆನ್ನದೆ ವಿಧಿಯಿಲ್ಲ. 1787ರಲ್ಲಿ, ಮೂತ್ರಾಶಯದ ಕಲ್ಲಿನ ಬಾಧೆಯಿಂದ ನರಳುತ್ತಿದ್ದರೂ, ಗುಲಾಮಗಿರಿಯನ್ನು ತೊಡೆಯಲೆಳಸಿದ ಪೆನ್ಸಿಲ್ವೇನಿಯದ ಸಂಘಕ್ಕೆ ಅಧ್ಯಕ್ಷನಾದನು; 1790ರ ಫೆಬ್ರವರಿಯಲ್ಲಿ ಆ ಸಂಘದ ಮನವಿಗೆ ಸಹಿಮಾಡಿ ಹೊಸ ರಾಷ್ಟ್ರದ ಕಾಂಗ್ರೆಸ್ಸಿಗೆ ಕಳುಹಿದನು. ಗುಲಾಮರನ್ನು ಬಿಡಿಸುವ ಅಧಿಕಾರ ತನಗಿಲ್ಲವೆಂದು ಸಭೆ ಅದನ್ನು ಬದಿಗಿರಿಸಿತು. ಜಾರ್ಜಿಯದ ಸದಸ್ಯನೊಬ್ಬನು ಗುಲಾಮಗಿರಿಯನ್ನು ಎತ್ತಿಹಿಡಿದು ಮಾಡಿದ ಭಾಷಣಕ್ಕೆ, ಕ್ರೈಸ್ತರನ್ನು ಗುಲಾಮರಾಗಿರಿಸಿಕೊಳ್ಳುವುದು ನ್ಯಾಯವೆಂದು ಆಲ್ಜಿಯರ್ಸಿನ ಮುಸಲ್ಮಾನನೊಬ್ಬನು ವಾದಿಸುವಂತೆ ಕಲ್ಪಿಸಿ, ಹಾಸಿಗೆ ಹಿಡಿದ ವೃದ್ಧನು ಮಾರ್ಚಿಯಲ್ಲಿ ವಿಡಂಬನದ ಉತ್ತರವೊಂದನ್ನು ಪತ್ರಿಕೆಗೆ ಬರೆದನು. ಏಪ್ರಿಲ್ 17ರಂದು ತೀರಿಕೊಂಡನು. ಅವನ ಮರಣಶಾಸನದಲ್ಲಿ, ಅಳಿಯನು ತನಗೆ ತೆರಬೇಕಾಗಿದ್ದ ಎರಡು ಸಾವಿರ ಪೌಂಡಿಗೂ ಮಿಕ್ಕ ಸಾಲವನ್ನು ಮನ್ನಾಮಾಡಿ, ಅದಕ್ಕೆ ಪ್ರತಿಯಾಗಿ ಅಳಿಯನು ತನ್ನ ಗುಲಾಮನಾದ ಬಾಬ್ ಎಂಬವನನ್ನು ಕೂಡಲೇ ಬಿಡುಗಡೆಗೊಳಿಸಬೇಕೆಂದು ಕೇಳಿಕೊಂಡಿದ್ದನು.